ಗುಡ್ಡ ಅಗೆದು ಇಲಿ ಓಡಿಸಿದ ಆಟ

ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಎನ್ನುವುದು ಕನ್ನಡದಲ್ಲಿ ಹೊಗಳಿಕೆಯ ಮಾತಲ್ಲ. ಪಟ್ಟ ಪಾಡಿಗೂ ಸಿಕ್ಕ ಫಲಕ್ಕೂ ತಾಳೆಯಾಗದಿದ್ದಾಗ ಹಿರಿಯರು ಹೀಗೆ ಕುಟುಕುತ್ತಾರೆ. ಸುತ್ತಿ ಬಳಸಿ ಮೂಗು ಹಿಡಿಯುವವನಿಗೂ ನಮ್ಮಲ್ಲಿ ಮರ್ಯಾದೆ ಕಡಿಮೆಯೇ. ಆದರೆ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಮುಟ್ಟಲು ಸಿಕ್ಕ ಮಕ್ಕಳ ಕೈಗೆ ಬಂದ ಒಂದು ಆಟ ಈ ಎರಡು ಕುಟುಕುಗಳನ್ನೇ ತನ್ನ ಕಾನೂನು ಮಾಡಿಕೊಂಡಿತ್ತು. ಅದರ ಹೆಸರು ‘ದಿ ಇನ್‌ಕ್ರೆಡಿಬಲ್ ಮಷೀನ್’. ಅಮೆರಿಕದ ಡೈನಮಿಕ್ಸ್ ಕಂಪನಿ ಮಾಡಿ, ಸಿಯೆರಾ ಕಂಪನಿ 1993ರ ಹೊತ್ತಿಗೆ ಮಾರಾಟಕ್ಕೆ ಬಿಟ್ಟ ಆಟ. ಜೆಫ್ ಟನೆಲ್ ಮತ್ತು ಕೆವಿನ್ ರಯಾನ್ ಅದರ ಹಿಂದಿದ್ದವರು. ಅದರಲ್ಲಿ ಇಲಿಯೂ ಇತ್ತು. ಹಿಡಿಯುವುದಕ್ಕಲ್ಲ, ಓಡಿಸುವುದಕ್ಕೆ. ಗೂಡಿಗೆ ಏನಾದರೂ ಬಡಿದರೆ ಒಳಗಿನ ಇಲಿ ಬೆಚ್ಚಿ ಚಕ್ರದ ಮೇಲೆ ಓಡುತ್ತಿತ್ತು, ಚಕ್ರಕ್ಕೆ ಸಿಕ್ಕಿಸಿದ ಬೆಲ್ಟು ತಿರುಗುತ್ತಿತ್ತು, ಬೆಲ್ಟಿನ ಇನ್ನೊಂದು ತುದಿಯಲ್ಲಿ ಮತ್ತೇನೋ ನಡೆಯುತ್ತಿತ್ತು. ಈ ಆಟದ ಮಾತು ತೆಗೆದರೆ ಆಡಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ಇಲಿಯನ್ನು ನೆನೆಸಿಕೊಳ್ಳುತ್ತಾರೆ. ನಗು ಇರಲಿ. ಆ ಉದ್ದುದ್ದದ ಹುಚ್ಚು ಯಂತ್ರಗಳಿಂದ ಒಂದು ತಲೆಮಾರಿಗೆ ಒಂದು ಪ್ರಶ್ನೆ ರೂಢಿಯಾಯಿತು ಎಂಬುದು ನನ್ನ ವಾದ. ಕೆಲಸ ಕೆಟ್ಟಾಗ ನಾವು ಸಾಮಾನ್ಯವಾಗಿ ‘ಯಾರು ಕೆಡಿಸಿದರು’ ಎಂದು ಕೇಳುತ್ತೇವೆ. ಆ ಆಟ ಕೇಳಿಸಿದ್ದು ‘ಎಲ್ಲಿ ನಿಂತಿತು’ ಎಂದು. ಮುಂಬೈಯ ವಿಕ್ರೋಳಿಯನ್ನು ಮುಂದಿಟ್ಟುಕೊಂಡು ಈ ವಾದ ಹೂಡುವುದಕ್ಕೂ ಕಾರಣ ಇದೆ. ಈ ಊರು ಎರಡು ಬಗೆಯ ಯಂತ್ರಗಳನ್ನೂ ಕಂಡಿದೆ: ಕೊಂಡಿಗಳನ್ನೆಲ್ಲ ಕಣ್ಣಿಗೆ ತೋರಿಸುವುದು ಒಂದು, ಒಳಗೆ ಅಡಗಿಸುವುದು ಇನ್ನೊಂದು.

ಆಟದ ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ಪರದೆಯ ಬಲಮೂಲೆಯಲ್ಲಿ ಒಂದು ರಾಕೆಟ್ ನಿಂತಿದೆ, ಅದನ್ನು ಹಾರಿಸಬೇಕು. ಬೆಂಕಿಕಡ್ಡಿ ಕೊಟ್ಟಿಲ್ಲ. ಕೊಟ್ಟಿರುವುದು ಒಂದು ಬೌಲಿಂಗ್ ಚೆಂಡು, ಇಳಿಜಾರು ಹಲಗೆ, ಇಲಿಯ ಗೂಡು, ಬೆಲ್ಟು, ಸಾಮಾನು ಸಾಗಿಸುವ ಪಟ್ಟಿ, ಬ್ಯಾಸ್ಕೆಟ್‌ಬಾಲ್, ಟಾರ್ಚು ಮತ್ತು ಒಂದು ಭೂತಗನ್ನಡಿ. ಚೆಂಡು ಹಲಗೆಯ ಮೇಲೆ ಉರುಳಿ ಗೂಡಿಗೆ ಬಡಿಯಬೇಕು, ಇಲಿ ಓಡಬೇಕು, ಬೆಲ್ಟು ತಿರುಗಿ ಪಟ್ಟಿ ಸರಿಯಬೇಕು, ಪಟ್ಟಿಯ ಮೇಲಿನ ಬ್ಯಾಸ್ಕೆಟ್‌ಬಾಲ್ ಅಂಚಿನಿಂದ ಟಾರ್ಚಿನ ಗುಂಡಿಯ ಮೇಲೆ ಬೀಳಬೇಕು, ಬೆಳಕು ಭೂತಗನ್ನಡಿಯಲ್ಲಿ ಹಾದು ರಾಕೆಟ್ಟಿನ ಬತ್ತಿಗೆ ಮುಟ್ಟಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಯಂತ್ರ ಚಾಲೂ ಮಾಡಬೇಕು. ಚಾಲೂ ಆದ ಮೇಲೆ ಕೈ ಹಾಕುವ ಹಾಗಿಲ್ಲ, ನೋಡುತ್ತ ಕೂರಬೇಕು. ಮೊದಲ ಸಲ ಏನಾಗುತ್ತದೆ? ಚೆಂಡು ಉರುಳುತ್ತದೆ, ಇಲಿ ಜೀವ ಬಿಟ್ಟು ಓಡುತ್ತದೆ, ಪಟ್ಟಿ ಸರಿಯುತ್ತದೆ, ಬ್ಯಾಸ್ಕೆಟ್‌ಬಾಲ್ ಟಾರ್ಚಿಗೆ ಎರಡು ಬೆರಳು ಈಚೆ ಬಿದ್ದು ಪುಟಿದು ಪರದೆಯಿಂದಲೇ ಆಚೆ ಹೋಗುತ್ತದೆ. ಇಲಿ ಇನ್ನೂ ಓಡುತ್ತಲೇ ಇದೆ, ರಾಕೆಟ್ ತಣ್ಣಗೆ ನಿಂತಿದೆ. ಆಟ ಬೈಯುವುದಿಲ್ಲ, ‘ತಪ್ಪು’ ಎಂದು ಕೆಂಪಕ್ಷರದಲ್ಲಿ ಬರೆಯುವುದಿಲ್ಲ, ಅಂಕ ಕಡಿಯುವುದಿಲ್ಲ. ನಿಂತ ಜಾಗವನ್ನು ತೋರಿಸಿ ಸುಮ್ಮನಾಗುತ್ತದೆ, ಅಷ್ಟೆ. ಆಡುವವನು ಯಂತ್ರ ನಿಲ್ಲಿಸಿದರೆ ಎಲ್ಲ ಸಾಮಾನೂ ಮೊದಲಿನ ಜಾಗಕ್ಕೆ ಬಂದು ಕೂರುತ್ತದೆ. ಪಟ್ಟಿಯನ್ನು ಒಂದಿಷ್ಟು ಬಲಕ್ಕೆ ಸರಿಸಿ ಮತ್ತೆ ಚಾಲೂ. ಚೆಂಡನ್ನೂ ಇಲಿಯನ್ನೂ ಮುಟ್ಟುವ ಅಗತ್ಯವಿಲ್ಲ, ಅವು ತಮ್ಮ ಕೆಲಸ ಮಾಡಿಯಾಗಿದೆ ಎಂದು ಕಣ್ಣೇ ನೋಡಿದೆ. ಈ ಕೊನೆಯ ಅಂಶ ಸಣ್ಣದಲ್ಲ. ಐದು ಕೊಂಡಿಗಳಲ್ಲಿ ಮೂರು ನಿರಪರಾಧಿಗಳು ಎಂದು ಮೊದಲೇ ಗೊತ್ತಾದರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ. ಕೆಟ್ಟ ಮಿಕ್ಸಿಯನ್ನು ಪೂರ್ತಿ ಬಿಚ್ಚಿ ಹರವಿಕೊಂಡು ಮತ್ತೆ ಜೋಡಿಸಲಾಗದೆ ತಲೆ ಕೆರೆದುಕೊಳ್ಳುವವರಿಗೂ, ಪ್ಲಗ್ಗಿನಿಂದ ಶುರುಮಾಡಿ ಒಂದೊಂದಾಗಿ ನೋಡುತ್ತ ಬರುವ ರಿಪೇರಿಯವನಿಗೂ ಇರುವ ವ್ಯತ್ಯಾಸ ಇದೇ.

ಇಂಥ ಸರಪಳಿ ನಮಗೆ ಹೊಸದೇನಲ್ಲ ಎನ್ನಬಹುದು. ಬಾಲ ಕಳೆದುಕೊಂಡ ಕೋತಿ ಅದಕ್ಕೆ ಬದಲಾಗಿ ಕತ್ತಿ ಕಸಿದುಕೊಂಡು, ಕತ್ತಿ ಕೊಟ್ಟು ಇನ್ನೊಂದನ್ನು ಪಡೆದು, ಅದನ್ನು ಕೊಟ್ಟು ಮತ್ತೊಂದನ್ನು ಪಡೆದು, ಕಡೆಗೆ ಡೋಲು ಬಾರಿಸುತ್ತ ಕೂರುವ ಕತೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಕತೆ ಹೇಳುವ ಅಜ್ಜಿ ಒಂದು ಕೊಂಡಿ ಬಿಟ್ಟರೂ ಮಕ್ಕಳು ತಡೆದು ನಿಲ್ಲಿಸುತ್ತಾರೆ. ಕೋತಿಗೆ ಕೊನೆಗೆ ಏನು ಸಿಕ್ಕಿತು ಎನ್ನುವುದಕ್ಕಿಂತ ಯಾವುದು ಹೋಗಿ ಯಾವುದು ಬಂತು ಎನ್ನುವುದೇ ಅಲ್ಲಿ ಮುಖ್ಯ. ಆದರೆ ಕತೆಯಲ್ಲಿ ಕೊಂಡಿ ಎಂದೂ ಕೈಕೊಡುವುದಿಲ್ಲ. ಕೇಳುವವನು ನೆನಪಿಟ್ಟುಕೊಂಡರೆ ಸಾಕು, ಜೋಡಿಸಿ ನೋಡಬೇಕಾಗಿಲ್ಲ.

ಈಗ ವಿಕ್ರೋಳಿಗೆ ಬರೋಣ. ಉದ್ಯಮಿ ಪಿರೋಜ್‌ಶಾ ಗೋದ್ರೆಜ್ ಇಲ್ಲಿನ ವಿಶಾಲ ಜಮೀನನ್ನು ಹರಾಜಿನಲ್ಲಿ ಕೊಂಡದ್ದು 1943ರಲ್ಲಿ. ಆಮೇಲೆ ಇಲ್ಲಿ ಎದ್ದ ಪಿರೋಜ್‌ಶಾ ನಗರದಲ್ಲಿ ಬೀಗ, ಕಪಾಟು, ತಿಜೋರಿ, ಫ್ರಿಜ್ಜು ಎಲ್ಲ ತಯಾರಾದವು, ಟೈಪ್‌ರೈಟರ್ ಕೂಡ. 1955ರಲ್ಲಿ ಗೋದ್ರೆಜ್ ಭಾರತದಲ್ಲೇ ತಯಾರಾದ ಮೊದಲ ಟೈಪ್‌ರೈಟರನ್ನು ಹೊರತಂದಾಗ ಅದು ದೇಶದ ಹೆಮ್ಮೆಯ ವಸ್ತುವಾಗಿತ್ತು. ಮುಂಬೈಯ ಕನ್ನಡಿಗರಿಗೆ ಈ ಯಂತ್ರ ಹೆಮ್ಮೆಗಿಂತ ಹೆಚ್ಚಾಗಿ ಅನ್ನದ ವಸ್ತು. ಕರಾವಳಿಯಿಂದ ಬಂದವರಲ್ಲಿ ಒಂದು ಪಾಲು ಹೋಟೆಲು ಸೇರಿದರೆ ಇನ್ನೊಂದು ಪಾಲು ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಕೋಟೆ ಪ್ರದೇಶದ ಆಫೀಸುಗಳನ್ನು ಸೇರಿತು. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಸಿಟ್ಟು ಬಿದ್ದದ್ದೂ ದಕ್ಷಿಣದಿಂದ ಬಂದ ಗುಮಾಸ್ತರ, ಟೈಪಿಸ್ಟರ ಮೇಲೆಯೇ. ಒಂದು ಕೀಲಿ ಒತ್ತಿದರೆ ಆ ಯಂತ್ರದಲ್ಲಿ ಏನೇನಾಗುತ್ತಿತ್ತು ನೋಡಿ. ಬೆರಳಿನ ಕೆಳಗಿನ ಸನ್ನೆ ತಗ್ಗುತ್ತದೆ, ಅದು ಒಂದು ಕೊಂಡಿಯನ್ನು ಎಳೆಯುತ್ತದೆ, ಕೊಂಡಿ ಅಕ್ಷರದ ತೋಳನ್ನು ಎತ್ತುತ್ತದೆ. ತೋಳು ಮೇಲೇಳುವ ಹೊತ್ತಿಗೆ ಸರಿಯಾಗಿ ರಿಬ್ಬನ್ನು ಎದ್ದು ಕಾಗದದ ಮುಂದೆ ನಿಲ್ಲುತ್ತದೆ. ತೋಳು ರಿಬ್ಬನ್ನಿನ ಮೂಲಕ ಕಾಗದಕ್ಕೆ ಹೊಡೆದು ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಸ್ಪ್ರಿಂಗಿನ ಬಿಗಿತದಲ್ಲಿ ಕಾದು ನಿಂತ ಕ್ಯಾರೇಜು ಹಲ್ಲುಚಕ್ರದ ಒಂದೇ ಒಂದು ಹಲ್ಲಿನಷ್ಟು ಎಡಕ್ಕೆ ಸರಿಯುತ್ತದೆ. ರಿಬ್ಬನ್ನಿನ ಸುರುಳಿ ಕೂದಲೆಳೆಯಷ್ಟು ತಿರುಗುತ್ತದೆ. ಸಾಲು ಮುಗಿಯುತ್ತ ಬಂದರೆ ಗಂಟೆ ಹೊಡೆಯುತ್ತದೆ. ಭಾರತೀಯ ಭಾಷೆಗಳ ಟೈಪ್‌ರೈಟರುಗಳಲ್ಲಿ ಇನ್ನೂ ಒಂದು ಚಮತ್ಕಾರವಿತ್ತು: ಕೆಲವು ಕೀಲಿಗಳನ್ನು ಒತ್ತಿದರೆ ಗುರುತು ಮೂಡುತ್ತಿತ್ತು, ಕ್ಯಾರೇಜು ಮಾತ್ರ ಸರಿಯುತ್ತಿರಲಿಲ್ಲ. ಅಕ್ಷರದ ಮೇಲೋ ಕೆಳಗೋ ಕೂರಬೇಕಾದ ಚಿಹ್ನೆಗಾಗಿ ಸರಪಳಿಯ ಒಂದು ಕೊಂಡಿಯನ್ನು ಬೇಕೆಂದೇ ತಪ್ಪಿಸಿದ್ದರು. ಇಂಥದ್ದನ್ನು ಯೋಚಿಸಿದವರ ತಲೆಗೆ ಕೈ ಮುಗಿಯಬೇಕು.

ಬರೀ ಒಂದು ಅಕ್ಷರ ಮೂಡಿಸಲು ಇಷ್ಟೆಲ್ಲ. ದೂರದಿಂದ ನೋಡಿದರೆ ಇದಕ್ಕೂ ಇಲಿ ಓಡಿಸಿ ರಾಕೆಟ್ ಹಾರಿಸುವುದಕ್ಕೂ ಭೇದ ಕಾಣದು. ಎರಡಕ್ಕೂ ಇನ್ನೊಂದು ಸಮಾನ ಗುಣವಿತ್ತು. ಟೈಪ್‌ರೈಟರಿನ ಹೊಟ್ಟೆ ತೆರೆದೇ ಇರುತ್ತಿತ್ತು. ಅವಸರದಲ್ಲಿ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಎರಡು ತೋಳುಗಳು ಕಾಗದದ ಹತ್ತಿರ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಟೈಪಿಸ್ಟ್ ಬೆರಳಿನಿಂದ ಬಿಡಿಸಿ, ಬೆರಳಿಗೆ ಹತ್ತಿದ ಮಸಿ ಒರೆಸಿಕೊಂಡು ಮುಂದುವರಿಯುತ್ತಿದ್ದರು. ಮೆಕ್ಯಾನಿಕ್‌ನನ್ನು ಕರೆಯಬೇಕಾಗಿರಲಿಲ್ಲ, ಕಂಪನಿಗೆ ಫೋನು ಮಾಡಬೇಕಾಗಿರಲಿಲ್ಲ. ಎಲ್ಲಿ ನಿಂತಿತು ಎಂದು ಯಂತ್ರವೇ ತೋರಿಸುತ್ತಿತ್ತು. ಚರಿತ್ರೆಯ ಒಂದು ತಮಾಷೆ ಎಂದರೆ ಟೈಪ್‌ರೈಟರನ್ನು ಮೇಜಿನಿಂದ ಇಳಿಸಿದ್ದು ಕಂಪ್ಯೂಟರು. ಆ ಕಂಪ್ಯೂಟರಿನ ಡಬ್ಬಿಯಲ್ಲಿ ಏನು ನಡೆಯುತ್ತದೆ ಎಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದರ ಪರದೆಯ ಮೇಲೆ ಮಕ್ಕಳು ಆಡಿದ ಆಟ ಮಾತ್ರ ಎಲ್ಲ ಕೊಂಡಿಯೂ ಕಾಣುವ ಹಳೆಯ ಕಾಲದ ಯಂತ್ರದ್ದು. ಹಗ್ಗ, ರಾಟೆ, ಹಲ್ಲುಚಕ್ರ, ತಿದಿ, ಮೋಂಬತ್ತಿ. ಮನೆಯಿಂದ ಹೊರಟು ಹೋದ ವಸ್ತುಗಳೆಲ್ಲ ಅಲ್ಲಿ ಗುಂಪಾಗಿ ಕೂತಿದ್ದವು.

ಇಲ್ಲಿ ಎಂಜಿನಿಯರುಗಳು ಎದ್ದು ನಿಲ್ಲುತ್ತಾರೆ. ಅವರ ಆಕ್ಷೇಪ ಗಟ್ಟಿಯಾದದ್ದು: ಟೈಪ್‌ರೈಟರಿನ ಒಂದೊಂದು ಕೊಂಡಿಯೂ ಬೇಕಾಗಿ ಇದ್ದದ್ದು, ಆಟದ ಕೊಂಡಿಗಳೋ ಬೇಡವಾದರೂ ತುರುಕಿದ್ದು, ನಿಜವಾದ ವಿದ್ಯೆ ಕೊಂಡಿ ಕಡಿಮೆ ಮಾಡುವುದರಲ್ಲಿದೆಯೇ ಹೊರತು ಹೆಚ್ಚಿಸುವುದರಲ್ಲಿ ಅಲ್ಲ. ಇದಕ್ಕೆ ವಿಕ್ರೋಳಿಯದೇ ಸಾಕ್ಷಿ ಕೊಡಬಹುದು. 1951ರಲ್ಲಿ, ದೇಶದ ಮೊದಲ ಮಹಾಚುನಾವಣೆಗಾಗಿ ಇಲ್ಲಿನ ಕಾರ್ಖಾನೆ ಕೆಲವೇ ತಿಂಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳನ್ನು ತಯಾರಿಸಿತು. ಪೆಟ್ಟಿಗೆಯೊಂದಕ್ಕೆ ಸುಮಾರು 5 ರೂಪಾಯಿ. ಹೊರಗಿನಿಂದ ಬೀಗ ಹಾಕುವ ಪೆಟ್ಟಿಗೆ ಆ ದರಕ್ಕೆ ಹೊಂದುತ್ತಿರಲಿಲ್ಲ. ಆಗ ಬೀಗವನ್ನು ಪೆಟ್ಟಿಗೆಯ ಒಳಗೇ ಕೂರಿಸುವ ಉಪಾಯ ಹೊಳೆದದ್ದು ನಾಥಾಲಾಲ್ ಪಾಂಚಾಲ್ ಎಂಬ ಕೆಲಸಗಾರರಿಗೆ ಎಂದು ಗೋದ್ರೆಜ್‌ನವರು ಹೇಳುತ್ತ ಬಂದಿದ್ದಾರೆ. ಒಂದು ಬಿಡಿಭಾಗ ಹೋಯಿತು, ಲಕ್ಷಾಂತರ ರೂಪಾಯಿ ಉಳಿಯಿತು. ಇಲಿ ಓಡಿಸುವವರ ಬುದ್ಧಿಯಿಂದ ಇದು ಆಗುತ್ತಿತ್ತೇ? ಆಗುತ್ತಿತ್ತು ಎಂದೇ ನನ್ನ ಉತ್ತರ. ಯಾವ ಕೊಂಡಿ ಯಾತಕ್ಕಿದೆ ಎಂದು ಒಂದೊಂದಾಗಿ ಬಲ್ಲವನಿಗೆ ಮಾತ್ರ ಯಾವುದನ್ನು ತೆಗೆದರೆ ಯಂತ್ರ ಕುಸಿಯುವುದಿಲ್ಲ ಎಂದು ಗೊತ್ತಾಗುವುದು. ಆ ಬಲ್ಲವಿಕೆ ಉದ್ದದ ಸರಪಳಿಯಲ್ಲಿ ಕೈಯಾಡಿಸಿದವನಿಗೆ ಬೇಗ ಬರುತ್ತದೆ. ಆಟದಲ್ಲೂ ಹಾಗೆಯೇ ಇತ್ತು. ಅನೇಕ ಒಗಟುಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಾಮಾನು ಕೊಟ್ಟಿರುತ್ತಿದ್ದರು. ಬುಟ್ಟಿಯಲ್ಲಿರುವುದನ್ನೆಲ್ಲ ಬಳಸಲೇಬೇಕು ಎಂದು ಹೊರಟವನು ಸಿಕ್ಕಿಬೀಳುತ್ತಿದ್ದ. ಯಾವುದನ್ನು ಮುಟ್ಟಬಾರದು ಎಂದು ಕಂಡುಕೊಳ್ಳುವುದೂ ಒಗಟಿನ ಭಾಗವಾಗಿತ್ತು.

ಮತಪೆಟ್ಟಿಗೆಯ ಉದಾಹರಣೆ ಎಂಜಿನಿಯರುಗಳ ವಿರುದ್ಧವೂ ತಿರುಗುತ್ತದೆ. ಪೆಟ್ಟಿಗೆ ಸರಳ, ಒಪ್ಪೋಣ. ಅದನ್ನು ಇಟ್ಟ ಏರ್ಪಾಡು ಹೇಗಿತ್ತು? ಆ ಚುನಾವಣೆಯಲ್ಲಿ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೆ ಅವರ ಚಿಹ್ನೆ. ಮತದಾರ ಮರೆಯ ಹಿಂದೆ ಹೋಗಿ ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಮತಪತ್ರ ಹಾಕಿ ಬರಬೇಕು. ಐದು ಜನ ನಿಂತರೆ ಐದು ಪೆಟ್ಟಿಗೆ, ಹತ್ತು ಜನ ನಿಂತರೆ ಹತ್ತು. ಅದಕ್ಕೇ ಲಕ್ಷಾಂತರ ಪೆಟ್ಟಿಗೆ ಬೇಕಾದದ್ದು. ಒಂದೇ ಪೆಟ್ಟಿಗೆಯಲ್ಲಿ ಮುಗಿಯುವ ಕೆಲಸಕ್ಕೆ ಹತ್ತು ಇಟ್ಟದ್ದು ಶುದ್ಧ ದುಂದು ಎಂದು ಲೆಕ್ಕ ಹಾಕುವವರು ಹೇಳಬಹುದಿತ್ತು. ಆದರೆ 17 ಕೋಟಿಗೂ ಹೆಚ್ಚು ಮತದಾರರಿದ್ದ ಆ ದೇಶದಲ್ಲಿ, 1951ರ ಜನಗಣತಿಯಂತೆ ಓದುಬರಹ ಬಲ್ಲವರು ನೂರಕ್ಕೆ 18ರಷ್ಟು. ಕಾಗದದ ಮೇಲೆ ಎಲ್ಲಿ ಗುರುತು ಹಾಕಬೇಕು ಎಂದು ತಿಳಿಯದವನಿಗೂ ಎತ್ತಿನ ಜೋಡಿಯ ಪೆಟ್ಟಿಗೆ ಯಾವುದು, ಗುಡಿಸಲಿನ ಪೆಟ್ಟಿಗೆ ಯಾವುದು ಎಂದು ಗೊತ್ತಾಗುತ್ತಿತ್ತು. ಮತ ಎಲ್ಲಿಗೆ ಹೋಯಿತು ಎಂದು ಅವನ ಕೈಗೆ, ಕಣ್ಣಿಗೆ ತಿಳಿಯುತ್ತಿತ್ತು. ಉದ್ದ ಮಾಡಿದ್ದು ತೋರಿಸುವುದಕ್ಕಾಗಿ. ಕೆಲಸ ಮುಗಿಸುವುದಷ್ಟೇ ಗುರಿಯಾದರೆ ಚಿಕ್ಕ ಯಂತ್ರ ಒಳ್ಳೆಯದು. ಕೆಲಸ ಆದದ್ದು ಇನ್ನೊಬ್ಬರಿಗೆ ಗೊತ್ತಾಗಬೇಕಾದರೆ ಕೊಂಡಿಗಳು ಕಾಣಬೇಕು, ಅದಕ್ಕೆ ಬೆಲೆ ತೆರಬೇಕು. ಆ ಬೆಲೆಯನ್ನು ದುಂದು ಎನ್ನುವವರು ಯಾವ ಕೆಲಸದ ಲೆಕ್ಕ ಹಾಕುತ್ತಿದ್ದಾರೆ ಎಂದು ಮೊದಲು ಹೇಳಬೇಕು.

ಇನ್ನೊಂದು ಆಕ್ಷೇಪ ಸಾಹಿತ್ಯದವರದು. ಈ ಹುಚ್ಚು ಯಂತ್ರಗಳ ಮೂಲಪುರುಷ ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್. ಆತ ಇವನ್ನು ಬರೆದದ್ದು ಯಂತ್ರನಾಗರಿಕತೆಯನ್ನು ಗೇಲಿ ಮಾಡಲು, ನೀವು ಅದರಿಂದಲೇ ನೀತಿ ತೆಗೆಯುತ್ತಿದ್ದೀರಿ ಎಂಬುದು. ಗೇಲಿ ನಿಜ. ಊಟ ಮಾಡುವವನ ಬಾಯಿ ಒರೆಸಲು ಚಮಚ, ಗಿಣಿ, ರಾಕೆಟ್ಟು, ಕುಡುಗೋಲು ಎಲ್ಲ ಕಟ್ಟಿದ ಆತನ ಪ್ರಸಿದ್ಧ ಚಿತ್ರ 1931ರದು. ಅದೇ ವರ್ಷ ಆತನ ಹೆಸರು ಇಂಗ್ಲಿಷ್ ನಿಘಂಟಿನಲ್ಲಿ ಗುಣವಾಚಕವಾಗಿ ಸೇರಿಕೊಂಡಿತು. ಆದರೆ ಗೋಲ್ಡ್‌ಬರ್ಗ್ ಕಲಿತದ್ದು ಎಂಜಿನಿಯರಿಂಗ್, ಸ್ವಲ್ಪ ಕಾಲ ಸ್ಯಾನ್ ಫ್ರಾನ್ಸಿಸ್ಕೋದ ನೀರು ಮತ್ತು ಚರಂಡಿ ಇಲಾಖೆಯಲ್ಲಿ ದುಡಿದೂ ಇದ್ದ. ಕೊಳಾಯಿಗಳ ನಕ್ಷೆ ಓದಿದವನ ಗೇಲಿ ಅದು. ಚಿತ್ರದ ಒಂದೊಂದು ಕೊಂಡಿಗೂ ಅಕ್ಷರ ಹಾಕಿ, ಅದರ ಮುಂದೆ ವಿವರ ಬರೆದು, ಓದುಗ ಬೆರಳಿಟ್ಟು ಸಾಗುವ ಹಾಗೆ ಮಾಡುತ್ತಿದ್ದ. ಯಂತ್ರವನ್ನು ಗೇಲಿ ಮಾಡಲು ಹೊರಟವನು ಯಂತ್ರವನ್ನು ಓದುವ ಅಭ್ಯಾಸ ಕಲಿಸಿಬಿಟ್ಟ. ವ್ಯಂಗ್ಯ ಬರೆದವನ ಉದ್ದೇಶಕ್ಕೆ ಓದಿದವನು ಕಟ್ಟುಬೀಳಬೇಕಾಗಿಲ್ಲ. ಅಲ್ಲದೆ ಆತ ಕಾಗದದ ಮೇಲೆ ಬರೆದು ಬಿಟ್ಟ, ಅವು ನಡೆಯುತ್ತವೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ. ಆಟ ಅದನ್ನು ನಡೆಸಿ ನೋಡುವಂತೆ ಮಾಡಿತು. ಗೇಲಿ ಅಲ್ಲಿಗೆ ಮುಗಿದು ಕಸರತ್ತು ಶುರುವಾಯಿತು.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಬೇರೆಯೇ ಇದೆ. ಆಟದ ಜಗತ್ತು ಸುಳ್ಳು. ಅಲ್ಲಿನ ಇಲಿಗೆ ಸುಸ್ತಾಗುವುದಿಲ್ಲ, ಬೆಲ್ಟು ಸಡಿಲಾಗುವುದಿಲ್ಲ, ಹಗ್ಗ ಮಳೆಗಾಲದಲ್ಲಿ ಹಿಗ್ಗುವುದಿಲ್ಲ. ಆ ಆಟದ ಲೆಕ್ಕಾಚಾರದಲ್ಲಿ ಅದೃಷ್ಟಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಒಂದೇ ರೀತಿ ಜೋಡಿಸಿದ ಯಂತ್ರ ನೂರು ಸಲ ಓಡಿಸಿದರೂ ನೂರು ಸಲವೂ ಒಂದೇ ಫಲ. ನಿಜದ ವಸ್ತುಗಳಿಂದ ಇಂಥ ಸರಪಳಿ ಕಟ್ಟಿದವರನ್ನು ಕೇಳಿ. ಸ್ವಿಟ್ಜರ್ಲೆಂಡಿನ ಕಲಾವಿದರಾದ ಫಿಶ್ಲಿ ಮತ್ತು ವೈಸ್ 1987ರಲ್ಲಿ ಟೈರು, ಏಣಿ, ಬೆಂಕಿ, ನೊರೆಗಳನ್ನು ಒಂದರ ಹಿಂದೊಂದು ಉರುಳಿಸಿ ಅರ್ಧ ಗಂಟೆಯ ಚಿತ್ರ ತೆಗೆದರು; ಒಂದೇ ಓಟದಂತೆ ಕಂಡರೂ ಅದರಲ್ಲಿ ಅಲ್ಲಲ್ಲಿ ಕತ್ತರಿ ಆಡಿದೆ. 2003ರಲ್ಲಿ ಹೋಂಡಾ ಕಾರಿನ ಬಿಡಿಭಾಗಗಳಿಂದಲೇ ಮಾಡಿದ ಎರಡು ನಿಮಿಷದ ಜಾಹೀರಾತಿಗೆ ಆರುನೂರಕ್ಕೂ ಹೆಚ್ಚು ಸಲ ಚಿತ್ರೀಕರಿಸಬೇಕಾಯಿತು ಎನ್ನುತ್ತಾರೆ. ವಸ್ತುಗಳು ಮೊಂಡು. ಕಾರ್ಖಾನೆಯಲ್ಲಿ ದುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಖಾರಿಯ ಉಪ್ಪುಗಾಳಿ ಬೀಸುವ ವಿಕ್ರೋಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಎಷ್ಟು ಬೇಗ ಹಿಡಿಯುತ್ತದೆ ಎಂದು ಕಿಟಕಿಯ ಸರಳು ನೋಡಿದರೆ ಸಾಕು. ಆದ್ದರಿಂದ ಎಣ್ಣೆ, ತುಕ್ಕು, ಸವೆತಗಳ ಬಗ್ಗೆ ಆ ಆಟ ಏನನ್ನೂ ಕಲಿಸಲಿಲ್ಲ ಎಂದು ಒಪ್ಪಬೇಕು. ಕೈಕೆಲಸ ಅದರಿಂದ ಬರಲಿಲ್ಲ. ಬಂದದ್ದು ಒಂದು ನಂಬಿಕೆ, ಕೆಟ್ಟದ್ದಕ್ಕೆ ಕಾರಣ ಇರುತ್ತದೆ ಎಂಬುದು. ಅದೃಷ್ಟ, ದೃಷ್ಟಿ, ಗಳಿಗೆ ಎಂದು ಮುಗಿಸಿಬಿಡುವ ಅಭ್ಯಾಸ ಇರುವ ಕಡೆ ಇದು ಕಡಿಮೆ ಸಂಪಾದನೆಯೇನಲ್ಲ. ಜಗತ್ತು ಅಷ್ಟು ನೇರವಾಗಿಲ್ಲ ಎಂದು ಆಮೇಲೆ ಕಲಿಯಬಹುದು. ಅಕ್ಷರ ಕಲಿಯುವ ಮಗುವಿಗೂ ಮೊದಲು ಗೆರೆ ಹಾಕಿದ ಪಾಟಿಯನ್ನೇ ಕೊಡುತ್ತೇವೆ.

ಸರಪಳಿಯಲ್ಲಿ ಮನುಷ್ಯರಿದ್ದಾಗ ಮಾತ್ರ ನನ್ನ ವಾದಕ್ಕೆ ಉಸಿರು ಕಟ್ಟುತ್ತದೆ. ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಕೊಂಡಿ ಎಂದರೆ ಗುಮಾಸ್ತ, ಮೇಸ್ತ್ರಿ, ಇನ್ಸ್‌ಪೆಕ್ಟರ್. ಅಲ್ಲಿ ‘ಎಲ್ಲಿ ನಿಂತಿತು’ ಎಂದು ಶುರುವಾದ ವಿಚಾರಣೆ ಎರಡನೇ ದಿನಕ್ಕೇ ‘ಯಾರು ನಿಲ್ಲಿಸಿದರು’ ಆಗಿಬಿಡುತ್ತದೆ. ಮುಂಬೈಯಲ್ಲಿದ್ದು ಬರೆದ ಯಶವಂತ ಚಿತ್ತಾಲರ ಕಾದಂಬರಿ ‘ಶಿಕಾರಿ’ 1979ರಲ್ಲಿ ಬಂತು. ಅದರ ನಾಗಪ್ಪ ದೊಡ್ಡ ಕಂಪನಿಯೊಂದರಲ್ಲಿ ಆರೋಪಕ್ಕೆ ಸಿಕ್ಕಿಬಿದ್ದ ಅಧಿಕಾರಿ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಯಾಕೆ ಎಂದು ತಿಳಿಯದೆ ಒದ್ದಾಡುವವನು. ಚಿತ್ತಾಲರು ಸ್ವತಃ ಪಾಲಿಮರ್ ತಂತ್ರಜ್ಞರು ಎನ್ನುವುದನ್ನು ಮರೆಯಬಾರದು. ಕೊಂಡಿಗಳು ಕಾಣದ ಏರ್ಪಾಡಿನಲ್ಲಿ ಮನುಷ್ಯನೇ ಬಲಿ ಎಂದು ಯಂತ್ರ ಬಲ್ಲ ಕಾದಂಬರಿಕಾರನಿಗೆ ಗೊತ್ತಿತ್ತು. ಆಟವಾಡಿದ ತಲೆಮಾರು ಕಚೇರಿ ಸೇರಿ ಈ ರೋಗವನ್ನು ವಾಸಿಮಾಡಿತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಗುತ್ತೀರಿ. ಪ್ರಶ್ನೆಯ ರೂಢಿ ಒಂದು, ಅದನ್ನು ಮೇಲಧಿಕಾರಿಯ ಎದುರು ಕೇಳುವ ಧೈರ್ಯ ಇನ್ನೊಂದು.

ಉಳಿದ ಎರಡು ತಕರಾರುಗಳಿಗೆ ಬೇಗ ಉತ್ತರ ಕೊಡಬಹುದು. ಕಂಪ್ಯೂಟರ್ ಇದ್ದದ್ದು ಎಷ್ಟು ಮನೆಗಳಲ್ಲಿ ಎಂದು ಕೇಳಿದರೆ, ಬಹಳ ಕಡಿಮೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ಪೆಟ್ಟಿಗೆಯೂ ಆಗ ಹಲವು ತಿಂಗಳ ಸಂಬಳದ ಮಾತು. ವಿಕ್ರೋಳಿಯ ಕನ್ನಮ್ವಾರ್ ನಗರದ, ಟಾಗೋರ್ ನಗರದ ಒಂದು ಕೋಣೆಯ ಮನೆಗಳಲ್ಲಿ ಅದನ್ನು ಇಡಲು ಜಾಗವಾದರೂ ಎಲ್ಲಿತ್ತು? ಹಾಗಾಗಿ ‘ಒಂದು ತಲೆಮಾರು’ ಎಂದು ನಾನು ಹೇಳಿದ್ದನ್ನು ‘ತಲೆಮಾರಿನ ಒಂದು ಚೂರು’ ಎಂದು ತಿದ್ದಿ ಓದಿಕೊಳ್ಳಿ. ಇನ್ನು ಜುಗಾಡ್. ಈ ಯಂತ್ರಗಳೆಲ್ಲ ನಮ್ಮ ಜುಗಾಡೇ ಅಲ್ಲವೇ, ಅದನ್ನು ನಾವು ಅಮೆರಿಕದ ಆಟದಿಂದ ಕಲಿಯಬೇಕೇ ಎಂದು ಕೇಳುವವರಿದ್ದಾರೆ. ಅಲ್ಲ, ಎರಡೂ ತದ್ವಿರುದ್ಧ. ಜುಗಾಡ್ ಎಂದರೆ ಮುರಿದ ಕೊಂಡಿಯನ್ನು ತಂತಿ ಸುತ್ತಿ ಮುಚ್ಚಿ ಮುಂದೆ ಹೋಗುವುದು. ನಾಳೆ ಕೆಟ್ಟರೆ ತಂತಿ ಸುತ್ತಿದವನೇ ಬರಬೇಕು, ಬೇರೆಯವರಿಗೆ ಅದರ ತಲೆಬುಡ ಹತ್ತುವುದಿಲ್ಲ. ಹುಚ್ಚು ಯಂತ್ರದಲ್ಲಿ ಮುಚ್ಚಿಡುವುದಕ್ಕೆ ಏನೂ ಇಲ್ಲ, ದಾರಿಯಲ್ಲಿ ಹೋಗುವವನೂ ನಿಂತು ಓದಬಹುದು.

ಗೋದ್ರೆಜ್ 2009ರಲ್ಲಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿತು. 2011ರಲ್ಲಿ ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮತಪೆಟ್ಟಿಗೆಯ ಕಾಲವೂ ಅಷ್ಟರಲ್ಲಿ ಮುಗಿದಿತ್ತು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದ ಮತಯಂತ್ರ 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಪರೀಕ್ಷೆಗೆ ಬಂದು, 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ಗುಂಡಿ ಒತ್ತಿದರೆ ಬೀಪ್ ಎನ್ನುತ್ತದೆ, ಮತ ಬಿತ್ತು. ಎಂಜಿನಿಯರುಗಳು ಕೇಳಿದ್ದ ಚಿಕ್ಕ ಯಂತ್ರ ಇದೇ. ಹತ್ತು ಪೆಟ್ಟಿಗೆ, ಒಳಬೀಗ, ಮಡಿಸಿದ ಕಾಗದ, ಎಣಿಸುವ ಬೆರಳು ಎಲ್ಲವೂ ಹೋಗಿ ಒಂದು ಬೀಪ್ ಉಳಿಯಿತು. ಆಮೇಲೆ ನಡೆದದ್ದು ನನ್ನ ವಾದಕ್ಕೆ ಬೇಕಾದ ಸಾಕ್ಷಿ. ಮತ ಎಲ್ಲಿಗೆ ಹೋಯಿತು ಎಂದು ಕಣ್ಣಿಗೆ ಕಾಣುವುದಿಲ್ಲ ಎಂಬ ದೂರು ವರ್ಷಗಟ್ಟಲೆ ನಿಲ್ಲಲಿಲ್ಲ. ಆ ಅನುಮಾನ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ, ದೂರಿನ ಸ್ವರೂಪವಷ್ಟೇ ಸಾಕು. ಅದಕ್ಕೆ ಉತ್ತರವಾಗಿ ಎಂಜಿನಿಯರುಗಳೇ ಯಂತ್ರವನ್ನು ಮತ್ತೆ ಉದ್ದ ಮಾಡಿದರು. ಮತಯಂತ್ರದ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಅದರೊಳಗೆ ಚೀಟಿ ಮುದ್ರಿಸುವ ಯಂತ್ರ, ಮುಂದೆ ಒಂದು ಗಾಜಿನ ಕಿಟಕಿ. ಇದು 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಂತು, 2019ಕ್ಕೆ ಎಲ್ಲ ಮತಗಟ್ಟೆಗಳಿಗೂ ಬಂತು. ಮತ ದಾಖಲಾಗುವುದಕ್ಕೆ ಈ ಕೊಂಡಿ ಬೇಕಾಗಿಲ್ಲ, ಅದಿಲ್ಲದೆಯೂ ಬೀಪ್ ಎನ್ನುತ್ತಿತ್ತು. ಖರ್ಚು ಹೆಚ್ಚಾಯಿತು, ಸಾಲು ನಿಧಾನವಾಯಿತು, ಕೈಕೊಡುವ ಭಾಗ ಒಂದು ಜಾಸ್ತಿಯಾಯಿತು. ಎಲ್ಲ ಒಬ್ಬ ಮತದಾರನ ಕಣ್ಣಿಗೆ ಒಂದು ತುಂಡು ಕಾಗದ ತೋರಿಸುವುದಕ್ಕೆ. ಬೌಲಿಂಗ್ ಚೆಂಡು ಉರುಳಿಸಿ ಇಲಿ ಓಡಿಸಿದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ.

ಮುಂದಿನ ಚುನಾವಣೆಯಲ್ಲಿ, ವಿಕ್ರೋಳಿಯ ಮತಗಟ್ಟೆಯಾಗಲಿ ನಿಮ್ಮೂರಿನದಾಗಲಿ, ಗುಂಡಿ ಒತ್ತಿದ ಕೂಡಲೇ ತಿರುಗಿ ಹೊರಡಬೇಡಿ. ಗಾಜಿನ ಹಿಂದೆ ದೀಪ ಹತ್ತಿ ಚೀಟಿ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಹೆಸರೂ ಚಿಹ್ನೆಯೂ ಇರುತ್ತವೆ. ಅದು ಡಬ್ಬಿಗೆ ಬೀಳುವ ಮೊದಲು ನಿಮಗೆ ಸಿಗುವುದು ಏಳು ಸೆಕೆಂಡು.